ನೆಟ್‌ವರ್ಕ್ ಹೋದರೂ ಪ್ರೋಗ್ರಾಂ ನಿಲ್ಲಬಾರದು: ಟೀಮಕ್ಸ್ ಪರಿಚಯ

ಶನಿವಾರ ಮಧ್ಯಾಹ್ನ ಆದ್ರೆ ಸಾಕು, ಹಾಸ್ಟೆಲ್ ಅರ್ಧ ಖಾಲಿ. ಮಾನ್ವಿಯವರು ಮಾನ್ವಿಗೆ, ದೇವದುರ್ಗದವರು ದೇವದುರ್ಗಕ್ಕೆ. ಆದರೆ ಸೋಮವಾರ ಪ್ರಾಜೆಕ್ಟ್ ರಿವ್ಯೂ ಇದ್ದರೆ?

ಹತ್ತಿ ಎಲೆಯ ಫೋಟೋ ನೋಡಿ ರೋಗ ಗುರುತಿಸುವ ಮಾಡೆಲ್ ಒಂದನ್ನು ಡಿಪಾರ್ಟ್‌ಮೆಂಟ್ ಸರ್ವರ್‌ನಲ್ಲಿ ಟ್ರೈನ್ ಮಾಡಬೇಕು ಅಂತ ಇಟ್ಕೊಳ್ಳಿ. ಒಂದು ಎಪಾಕ್‌ಗೆ 6 ನಿಮಿಷ, 100 ಎಪಾಕ್ ಅಂದ್ರೆ 10 ಗಂಟೆ. ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ ಮಾಡಿ ಶುರು ಮಾಡಿದ್ರಿ, ಮೊಬೈಲ್ ಹಾಟ್‌ಸ್ಪಾಟ್ ಆನ್ ಇಟ್ಟು ದೇವದುರ್ಗದ ಬಸ್ ಹತ್ತಿದ್ರಿ. ಗಬ್ಬೂರು ಹತ್ತಿರ ಸಿಗ್ನಲ್ ಹೋಯ್ತು. ಊರಲ್ಲಿ ಮತ್ತೆ ಲಾಗಿನ್ ಆಗಿ ನೋಡಿದರೆ ಟ್ರೈನಿಂಗ್ ಓಡ್ತಾನೇ ಇಲ್ಲ. ಸರ್ವರ್ ಚೆನ್ನಾಗಿದೆ, ಕೋಡ್ ಸರಿ ಇದೆ. ಮತ್ತೆ ಯಾಕೆ ನಿಂತಿತು?

ಪ್ರೋಗ್ರಾಂ ಸಾಯೋದು ಯಾಕೆ?

ಎಸ್‌ಎಸ್‌ಎಚ್ ಮಾಡಿದಾಗ ಸರ್ವರ್ ನಿಮಗೊಂದು ಸುಳ್ಳು ಟರ್ಮಿನಲ್ ಕೊಡುತ್ತದೆ. ಅದರೊಳಗೆ ಶೆಲ್, ಶೆಲ್ ಒಳಗೆ ನಿಮ್ಮ ಪ್ರೋಗ್ರಾಂ. ಕನೆಕ್ಷನ್ ಕಡಿದದ್ದು ಸರ್ವರ್‌ಗೆ ಗೊತ್ತಾದ ಕೂಡಲೇ ಆ ಟರ್ಮಿನಲ್ ಮುಚ್ಚುತ್ತದೆ, ಶೆಲ್‌ಗೆ 'ಹ್ಯಾಂಗ್ ಅಪ್' ಅನ್ನೋ ಸಿಗ್ನಲ್ ಹೋಗುತ್ತದೆ. ಶೆಲ್ ಅದನ್ನು ತನ್ನ ಕೆಳಗಿನ ಪ್ರೋಗ್ರಾಂಗಳಿಗೂ ದಾಟಿಸುತ್ತದೆ. ಬೇರೆ ಏನೂ ಹೇಳಿಲ್ಲ ಅಂದ್ರೆ ಈ ಸಿಗ್ನಲ್ ಬಂದ ಪ್ರೋಗ್ರಾಂ ಸಾಯಬೇಕು, ಅದೇ ನಿಯಮ. ಫೋನ್ ಲೈನ್‌ನಲ್ಲಿ ಮೋಡೆಮ್ ಹಾಕಿ ಕಂಪ್ಯೂಟರ್‌ಗೆ ಸೇರುತ್ತಿದ್ದ ಕಾಲದ ಹೆಸರು ಇದು. ಫೋನ್ ಇಟ್ಟರೆ ಬಳಕೆದಾರ ಹೋದ ಅಂತ ಲೆಕ್ಕ.

ನಮ್ಮ ಕಡೆ ಇದು ದಿನದ ಮಾತು. ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸ್ಥಾವರ ಇದ್ದರೂ ಕರೆಂಟ್ ಹೋಗೋದು ತಪ್ಪಲ್ಲ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುತ್ತದೆ, ವೈಫೈ ರೂಟರ್‌ಗೆ ಇರಲ್ಲ.

ಟೀಮಕ್ಸ್ ಏನು ಮಾಡುತ್ತದೆ?

ಹತ್ತಿ ಬಿಡಿಸೋಕೆ ಆಳು ಕರೆದಿದ್ದೀರಿ. ಮಾಲೀಕ ಹೊಲದಲ್ಲಿ ನಿಂತಿರೋವರೆಗೆ ಮಾತ್ರ ಕೆಲಸ ಅಂದ್ರೆ, ಅವನು ಊಟಕ್ಕೆ ಹೋದ ಕೂಡಲೇ ಎಲ್ಲ ನಿಲ್ಲುತ್ತದೆ. ಒಬ್ಬ ಮೇಸ್ತ್ರಿ ಇದ್ದರೆ ಮಾಲೀಕ ಬಂದು ಹೋಗಬಹುದು, ಕೆಲಸ ನಡೀತಾ ಇರುತ್ತದೆ. ಟೀಮಕ್ಸ್ ಆ ಮೇಸ್ತ್ರಿ.

ಟೀಮಕ್ಸ್‌ನಲ್ಲಿ ಎರಡು ಭಾಗ ಇವೆ. ಒಂದು ಹಿಂದೆ ಓಡುವ ಟೀಮಕ್ಸ್ ಸರ್ವರ್. ನಿಮ್ಮ ಪ್ರೋಗ್ರಾಂಗೆ ಟರ್ಮಿನಲ್ ಕೊಡೋದು ಇದೇ. ಇನ್ನೊಂದು ನೀವು ನೋಡುವ ಕ್ಲೈಂಟ್. ಎಸ್‌ಎಸ್‌ಎಚ್ ಕಡಿದರೆ ಸಾಯೋದು ಕ್ಲೈಂಟ್ ಮಾತ್ರ. ಪ್ರೋಗ್ರಾಂನ ಟರ್ಮಿನಲ್ ತೆರೆದೇ ಇರುತ್ತದೆ, ಅದಕ್ಕೆ ಹ್ಯಾಂಗ್ ಅಪ್ ಬರೋದೇ ಇಲ್ಲ.

ಇದು ಹೊಸ ಉಪಾಯ ಅಲ್ಲ. ಓಲಿವರ್ ಲೌಮನ್ ಮತ್ತು ಕಾರ್ಸ್ಟನ್ ಬೋರ್ಮನ್ 1987ರಲ್ಲೇ 'ಸ್ಕ್ರೀನ್' ಬರೆದರು. ನಿಕೋಲಸ್ ಮ್ಯಾರಿಯಟ್ ಅವರ ಟೀಮಕ್ಸ್ ಬಂದದ್ದು 2007ರಲ್ಲಿ.

ಬಳಸೋದು ಹೇಗೆ?

ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ನೀವು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡ್ರಿ. ಟೀಮಕ್ಸ್ ಸ್ಪೆಲ್ಲಿಂಗ್: ಟಿ, ಎಂ, ಯು, ಎಕ್ಸ್.

1. ಮೊದಲು ಎಸ್‌ಎಸ್‌ಎಚ್ ಮಾಡಿ ಸರ್ವರ್ ಒಳಗೆ ಹೋಗ್ರಿ. ಟೀಮಕ್ಸ್ ಓಡಬೇಕಾದ್ದು ಅಲ್ಲಿ. ಬರೀ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಹಾಕಿ ಅದರೊಳಗಿಂದ ಎಸ್‌ಎಸ್‌ಎಚ್ ಮಾಡಿದರೆ ಏನೂ ಉಪಯೋಗ ಇಲ್ಲ, ಮೇಸ್ತ್ರಿಯನ್ನ ಮನೇಲಿ ಕೂರಿಸಿದ ಹಾಗೆ.

2. 'ಟೀಮಕ್ಸ್ ನ್ಯೂ -ಎಸ್ ಹತ್ತಿ' ಅಂತ ಕೊಡಿ. 'ಹತ್ತಿ' ಅನ್ನೋದು ಸೆಷನ್ ಹೆಸರು. ಕೆಳಗೆ ಹಸಿರು ಪಟ್ಟಿ ಬಂದರೆ ಒಳಗಿದ್ದೀರಿ ಅಂತ ಅರ್ಥ. ಈಗ ಟ್ರೈನಿಂಗ್ ಶುರು ಮಾಡ್ರಿ.

3. ಹೊರಗೆ ಬರೋಕೆ ಕಂಟ್ರೋಲ್ ಮತ್ತು ಬಿ ಒಟ್ಟಿಗೆ ಒತ್ತಿ, ಕೈ ಬಿಟ್ಟು, ಆಮೇಲೆ ಡಿ ಒತ್ತಿ. ಇದು ಡಿಟ್ಯಾಚ್. 'ಎಕ್ಸಿಟ್' ಅಂತ ಟೈಪ್ ಮಾಡಬೇಡಿ, ಅದು ಶೆಲ್ ಅನ್ನೇ ಮುಚ್ಚುತ್ತದೆ.

4. ಮತ್ತೆ ಲಾಗಿನ್ ಆದಾಗ 'ಟೀಮಕ್ಸ್ ಎಲ್‌ಎಸ್' ಕೊಟ್ಟರೆ ಸೆಷನ್‌ಗಳ ಪಟ್ಟಿ ಬರುತ್ತದೆ. 'ಟೀಮಕ್ಸ್ ಅಟ್ಯಾಚ್ -ಟಿ ಹತ್ತಿ' ಕೊಟ್ಟರೆ ಬಿಟ್ಟ ಸ್ಕ್ರೀನ್ ಮತ್ತೆ ಎದುರಿಗೆ.

ಮೇಲೆ ಹೋಗಿ ಹಳೇ ಔಟ್‌ಪುಟ್ ನೋಡೋಕೆ ಕಂಟ್ರೋಲ್-ಬಿ, ಆಮೇಲೆ ಎಡ ಚೌಕ ಬ್ರಾಕೆಟ್. ಆಚೆ ಬರೋಕೆ ಕ್ಯೂ. ಸೆಟ್ಟಿಂಗ್ ಬದಲಿಸದಿದ್ದರೆ 2000 ಸಾಲು ಮಾತ್ರ ಉಳಿಯುತ್ತದೆ, ಹಾಗಾಗಿ ಲಾಗ್ ಅನ್ನು ಫೈಲ್‌ಗೂ ಬರೆಸಿ.

ಒಂದೇ ಅಕೌಂಟ್‌ನಲ್ಲಿ ಲಾಗಿನ್ ಆದ ಇಬ್ಬರು ಒಂದೇ ಸೆಷನ್‌ಗೆ ಅಟ್ಯಾಚ್ ಆಗಬಹುದು. ಮಾನ್ವಿಯಲ್ಲಿರೋ ಪ್ರಾಜೆಕ್ಟ್ ಪಾರ್ಟ್ನರ್ ಟೈಪ್ ಮಾಡಿದ್ದು ಹಾಸ್ಟೆಲ್‌ನಲ್ಲಿ ಕೂತ ನಿಮಗೂ ಆಗಲೇ ಕಾಣುತ್ತದೆ. ರಜೆಯಲ್ಲಿ ಡಿಬಗ್ ಮಾಡೋಕೆ ಇದು ಬಹಳ ಅನುಕೂಲ.

ಟೀಮಕ್ಸ್ ಕೈಲಿ ಆಗದ್ದು

ಸರ್ವರ್ರೇ ಆಫ್ ಆದರೆ ಸೆಷನ್ ಎಲ್ಲ ಹೋಗುತ್ತದೆ. ಟೀಮಕ್ಸ್ ಕಾಯೋದು ನೆಟ್‌ವರ್ಕ್ ತೊಂದರೆಯಿಂದ, ಕರೆಂಟ್‌ನಿಂದ ಅಲ್ಲ. ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೋ ನಂಬಬೇಡಿ, ಐದೈದು ಎಪಾಕ್‌ಗೆ ಒಮ್ಮೆ ಮಾಡೆಲ್ ಅನ್ನು ಡಿಸ್ಕ್‌ಗೆ ಸೇವ್ ಮಾಡೋ ಸಾಲು ಕೋಡ್‌ನಲ್ಲಿ ಇರಲಿ. ಆಗ 10 ಗಂಟೆ ಹೋಗಲ್ಲ, ಹೆಚ್ಚೆಂದರೆ ಅರ್ಧ ಗಂಟೆ.

ಟೀಮಕ್ಸ್ ಇಲ್ಲದೇ ಶುರು ಮಾಡಿಬಿಟ್ಟಿದ್ದರೆ? ಕಂಟ್ರೋಲ್-ಝಡ್ ಒತ್ತಿ, 'ಬಿಜಿ' ಕೊಟ್ಟು, ಆಮೇಲೆ 'ಡಿಸ್‌ಓನ್' ಕೊಡಿ. ಶೆಲ್ ಅದಕ್ಕೆ ಹ್ಯಾಂಗ್ ಅಪ್ ದಾಟಿಸಲ್ಲ. ಆದರೂ ಟರ್ಮಿನಲ್ ಹೋದ ಮೇಲೆ ಪ್ರಿಂಟ್ ಮಾಡಲು ಹೋಗಿ ಪ್ರೋಗ್ರಾಂ ಎರರ್ ಬಂದು ನಿಲ್ಲಬಹುದು. ಇದು ತುರ್ತಿಗೆ ಮಾತ್ರ.

ಕೊನೆಗೆ ಒಂದು ಮರ್ಯಾದೆಯ ವಿಷಯ. ಇಡೀ ಲ್ಯಾಬ್‌ಗೆ ಒಂದೇ ಲಾಗಿನ್ ಇದ್ದರೆ ಎಲ್ಲರ ಸೆಷನ್ ಎಲ್ಲರಿಗೂ ಕಾಣುತ್ತದೆ. ಸೆಷನ್ ಹೆಸರಲ್ಲಿ ನಿಮ್ಮ ಯುಎಸ್‌ಎನ್ ಇಡಿ, ಬೇರೆಯವರದ್ದನ್ನು ಮುಟ್ಟಬೇಡಿ. ಕೆಲಸ ಮುಗಿದ ಮೇಲೆ 'ಟೀಮಕ್ಸ್ ಕಿಲ್-ಸೆಷನ್ -ಟಿ' ಬರೆದು ಮುಂದೆ ಹೆಸರು ಕೊಟ್ಟು ಮುಚ್ಚಿ. ನೀವು ಮರೆತು ಬಿಟ್ಟ ಪ್ರೋಗ್ರಾಂ ಜಿಪಿಯು ಮೆಮೊರಿ ಹಿಡ್ಕೊಂಡು ಕೂತರೆ ಇನ್ನೊಂದು ಟೀಮ್‌ನ ರಿವ್ಯೂ ಹಾಳಾಗುತ್ತದೆ.

ಮುಂದಿನ ಲ್ಯಾಬ್‌ನಲ್ಲೇ ಹತ್ತು ನಿಮಿಷ ಟ್ರೈ ಮಾಡ್ರಿ. ಒಂದು ಸೆಷನ್ ತೆರೆದು 'ಪಿಂಗ್' ಓಡಿಸಿ, ಬೇಕಂತಲೇ ವೈಫೈ ಆಫ್ ಮಾಡಿ, ಮತ್ತೆ ಲಾಗಿನ್ ಆಗಿ ಅಟ್ಯಾಚ್ ಮಾಡ್ರಿ. ಎಣಿಕೆ ನಿಂತಿರಲ್ಲ, ನೀವೇ ನೋಡ್ತೀರಿ.