ಅಜ್ಜಿ ಕಾಲದ ಊಟ ಮಾಡಿದರೆ ಕ್ಯಾನ್ಸರ್ ಬರುವುದೇ ಇಲ್ಲವೇ? ವಲಸೆ ಹೋದವರಿಂದ ತಿಳಿದ ಸತ್ಯ

"ಕ್ಯಾನ್ಸರ್ ವಿದೇಶಿ ಊಟದಿಂದ ಬಂದ ಕಾಯಿಲೆ, ಹಿರಿಯರ ಆಹಾರ ಪದ್ಧತಿಗೆ ಮರಳಿದರೆ ಸಾಕು." ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. "ಅದೆಲ್ಲ ರಕ್ತದಲ್ಲೇ ಇರುತ್ತದೆ, ಏನು ತಿಂದರೂ ಅಷ್ಟೇ" ಎನ್ನುವವರೂ ಇದ್ದಾರೆ. ಇವೆರಡರಲ್ಲಿ ಯಾವುದು ನಿಜ? ಉತ್ತರಕ್ಕಾಗಿ ನಾವು ಜಪಾನಿನಿಂದ ಅಮೆರಿಕಕ್ಕೆ ವಲಸೆ ಹೋದವರನ್ನು ನೋಡೋಣ.

1885ರಿಂದ ಸಾವಿರಾರು ಜಪಾನೀಯರು ಕಬ್ಬಿನ ತೋಟದ ಕೆಲಸಕ್ಕೆಂದು ಹವಾಯಿಗೆ ಹೋದರು. ಹಲವರು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದರು. ಜಪಾನಿನಲ್ಲಿ ಜಠರದ ಕ್ಯಾನ್ಸರ್ ಹೆಚ್ಚಾಗಿತ್ತು, ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ಸ್ತನ ಕ್ಯಾನ್ಸರ್ ಕಡಿಮೆಯಿತ್ತು. ಅಮೆರಿಕದ ಬಿಳಿಯರಲ್ಲಿ ಇದು ತಿರುಗುಮುರುಗು. ಹೆನ್‌ಜೆಲ್ ಮತ್ತು ಕುರಿಹಾರ ಎಂಬ ಸಂಶೋಧಕರು 1968ರಲ್ಲಿ ಈ ವಲಸಿಗರ ಸಾವಿನ ದಾಖಲೆಗಳ ಅಧ್ಯಯನ ಪ್ರಕಟಿಸಿದರು. ವಲಸಿಗರಲ್ಲಿ ಕರುಳಿನ ಕ್ಯಾನ್ಸರ್ ಏರಿತ್ತು. ಜಠರದ ಕ್ಯಾನ್ಸರ್ ಇಳಿದಿತ್ತು, ಅಮೆರಿಕದಲ್ಲೇ ಹುಟ್ಟಿದ ಮಕ್ಕಳಲ್ಲಿ ಇನ್ನೂ ಕಡಿಮೆಯಾಗಿತ್ತು. ಸ್ತನ ಕ್ಯಾನ್ಸರ್ ನಂತರದ ತಲೆಮಾರುಗಳಲ್ಲಿ ನಿಧಾನವಾಗಿ ಹೆಚ್ಚಿತು.

ಒಂದೆರಡು ತಲೆಮಾರಿನಲ್ಲಿ ವಂಶವಾಹಿಗಳು ಇಷ್ಟೊಂದು ಬದಲಾಗುವುದಿಲ್ಲ. ಬದಲಾಗಿದ್ದು ಜೀವನಕ್ರಮ. ಉಪ್ಪಿನಲ್ಲಿ ಕೆಡದಂತೆ ಇಟ್ಟ ಮೀನು, ತರಕಾರಿ ಜಪಾನಿನ ಹಳೆಯ ಊಟದ ಭಾಗ. ಅತಿಯಾದ ಉಪ್ಪು ಜಠರದ ಒಳಪದರಕ್ಕೆ ಹಾನಿ ಮಾಡುತ್ತದೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕೂ ಸೇರಿದರೆ ಅಪಾಯ ಹೆಚ್ಚು. ಅಮೆರಿಕದಲ್ಲಿ ಅಂಥ ಆಹಾರ ಕಡಿಮೆಯಾಯಿತು, ಆದರೆ ಮಾಂಸ ಮತ್ತು ದೇಹತೂಕ ಹೆಚ್ಚಿತು. ಸ್ತನ ಕ್ಯಾನ್ಸರ್‌ನಲ್ಲಂತೂ ತಡವಾಗಿ ತಾಯಿಯಾಗುವುದು, ಕಡಿಮೆ ಮಕ್ಕಳನ್ನು ಹೆರುವುದೂ ಲೆಕ್ಕಕ್ಕೆ ಬರುತ್ತದೆ.

ಅಂದರೆ ಹಳೆಯ ಊಟಕ್ಕೂ ಅದರದೇ ಅಪಾಯವಿತ್ತು, ಹೊಸದಕ್ಕೂ ಇದೆ.

ನಮ್ಮ ಸಂಪ್ರದಾಯದ ಎಲೆ ಅಡಿಕೆಯನ್ನೇ ನೋಡಿ. ಮದುವೆ, ಪೂಜೆ ಯಾವುದೂ ಅದಿಲ್ಲದೆ ನಡೆಯದು. ಆದರೆ ತಂಬಾಕು ಸೇರಿಸದಿದ್ದರೂ ಅಡಿಕೆ ಜಗಿಯುವುದರಿಂದ ಕ್ಯಾನ್ಸರ್ ಬರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಈ ಅಭ್ಯಾಸವನ್ನು ಬ್ರಿಟನ್‌ಗೂ ಒಯ್ದ ದಕ್ಷಿಣ ಏಷ್ಯಾದ ಸಮುದಾಯಗಳಲ್ಲಿ ಬಾಯಿ ಕ್ಯಾನ್ಸರ್ ಅಲ್ಲಿನ ಉಳಿದವರಿಗಿಂತ ಹೆಚ್ಚು ಕಂಡುಬಂದಿದೆ. ತಟ್ಟೆಯಲ್ಲಿ ತಾಂಬೂಲ ಇಟ್ಟು ಗೌರವಿಸುವುದರಿಂದ ಅಪಾಯವಿಲ್ಲ, ದಿನವೂ ಜಗಿಯುವುದರಿಂದ ಇದೆ.

ಹಾಗಾದರೆ ಏನು ಮಾಡಬೇಕು? ತಂಬಾಕು, ಗುಟ್ಕಾ, ಅಡಿಕೆ ಜಗಿಯುವುದನ್ನು ಬಿಡಿ. ಮದ್ಯ ಬೇಡ. ಉಪ್ಪು ಕಡಿಮೆ ಮಾಡಿ, ಸೊಪ್ಪು, ಕಾಳು, ಹಣ್ಣು ಹೆಚ್ಚು ತಿನ್ನಿ. ಬಾಯಿಯ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ ವೈದ್ಯರಿಗೆ ತೋರಿಸಿ.

ಇದೆಲ್ಲ ಅಪಾಯವನ್ನು ತಗ್ಗಿಸುತ್ತದೆ, ಕ್ಯಾನ್ಸರ್ ಬಾರದೇ ಇರುವ ಖಾತರಿ ಕೊಡುವುದಿಲ್ಲ. ಎಲ್ಲವನ್ನೂ ಸರಿಯಾಗಿ ಪಾಲಿಸಿದವರಿಗೂ ಅದು ಬರಬಹುದು. ಅದೇ ಗ್ರೂಪ್‌ನಲ್ಲಿ ಚಿಕಿತ್ಸೆ ಪಡೆಯುತ್ತಿರುವವರೂ ಇರಬಹುದು. "ಸರಿಯಾಗಿ ತಿಂದಿದ್ದರೆ ಬರುತ್ತಿರಲಿಲ್ಲ" ಎಂಬ ಸಂದೇಶವನ್ನು ಫಾರ್ವರ್ಡ್ ಮಾಡುವ ಮೊದಲು ಅವರನ್ನು ಒಮ್ಮೆ ನೆನೆಯೋಣ.