ಬಂಗಿಗೆ ಬೆರಕೆ ಚಿಕಿತ್ಸೆ

ಕೆನ್ನೆ, ಹಣೆ, ಮೂಗು, ಮೇಲ್ತುಟಿಯ ಮೇಲೆ ಎರಡೂ ಬದಿಗೆ ಹೆಚ್ಚುಕಡಿಮೆ ಒಂದೇ ಆಕಾರದಲ್ಲಿ ಹರಡುವ ಕಂದು ಕಲೆಯೇ ಬಂಗು. ವೈದ್ಯರು ಇದನ್ನು ಮೆಲಾಸ್ಮಾ ಎನ್ನುತ್ತಾರೆ. ಬಿಸಿಲು, ಬಸಿರು, ಗರ್ಭನಿರೋಧಕ ಮಾತ್ರೆ, ವಂಶದ ಗುಣ ಇವೆಲ್ಲ ಸೇರಿ ಚರ್ಮದ ಬಣ್ಣ ತಯಾರಿಸುವ ಕೋಶಗಳನ್ನು ಕೆರಳಿಸುತ್ತವೆ. ಮೆಲನಿನ್ ಅಗತ್ಯಕ್ಕಿಂತ ಹೆಚ್ಚಾಗುತ್ತದೆ. ಅದು ಹೊರಚರ್ಮದಲ್ಲೇ ನಿಂತರೆ ಕಲೆ ಕಂದಾಗಿ ಕಾಣುತ್ತದೆ, ಒಳಚರ್ಮಕ್ಕೆ ಇಳಿದರೆ ಬೂದುಬಣ್ಣಕ್ಕೆ ತಿರುಗುತ್ತದೆ. ಹಲವರಲ್ಲಿ ಎರಡೂ ಇರುವುದರಿಂದಲೇ ಒಂದು ಮದ್ದಿಗೆ ಬಂಗು ಬಗ್ಗುವುದಿಲ್ಲ.

ಹಲವು ಮದ್ದುಗಳನ್ನು ಕೂಡಿಸುವ ಬೆರಕೆಯ ಉಪಾಯ ಹೊಸದಲ್ಲ. 1975ರಲ್ಲಿ ಅಮೆರಿಕದ ಚರ್ಮವೈದ್ಯರಾದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಮೂರನ್ನೂ ಒಂದೇ ಲೇಪದಲ್ಲಿ ಕೂಡಿಸಿದರು. ಮೊದಲನೆಯದು ಬಣ್ಣದ ತಯಾರಿಕೆಗೆ ತಡೆ, ಎರಡನೆಯದು ಹಳೆಯ ಕೋಶಗಳನ್ನು ಬೇಗ ಉದುರಿಸುತ್ತದೆ, ಮೂರನೆಯದು ಇವೆರಡರ ಉರಿ ತಗ್ಗಿಸುತ್ತದೆ. ಈಗಲೂ ಚಿಕಿತ್ಸೆಯ ಬುನಾದಿ ಇಂಥ ಲೇಪವೇ, ಜೊತೆಗೆ ಸನ್‌ಸ್ಕ್ರೀನ್. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪಾಗಿಸುವುದರಿಂದ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ.

ಲೇಪದಿಂದ ಕಲೆ ಸಾಕಷ್ಟು ತಿಳಿಯಾಗದಿದ್ದಾಗ ಕ್ಲಿನಿಕ್ಕಿನ ವಿಧಾನಗಳ ಸರದಿ. ಗ್ಲೈಕಾಲಿಕ್ ಆಮ್ಲದ ಪೀಲ್ ಮೇಲ್ಪದರವನ್ನು ಸುಲಿದು ಅಲ್ಲಿನ ಬಣ್ಣ ತೆಗೆಯುತ್ತದೆ. ಮೈಕ್ರೋನೀಡ್ಲಿಂಗ್‌ನಲ್ಲಿ ಸಣ್ಣ ಸೂಜಿಗಳು ಮಾಡಿದ ದಾರಿಯಿಂದ ಬಣ್ಣ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ ಒಳಗಿಳಿಯುತ್ತದೆ. ಲೇಸರ್ ಕೊನೆಯದು. 1064 ನ್ಯಾನೋಮೀಟರ್ ತರಂಗದ ಲೇಸರನ್ನು ಕಡಿಮೆ ಶಕ್ತಿಯಲ್ಲಿ ಬಳಸಿದರೂ ಬಂಗು ಮರುಕಳಿಸಬಹುದು, ಚರ್ಮದಲ್ಲಿ ಬಿಳಿ ಚುಕ್ಕೆಗಳೂ ಮೂಡಬಹುದು.

ಇವನ್ನೆಲ್ಲ ಒಂದೇ ದಿನ ಮುಖಕ್ಕೆ ಪ್ರಯೋಗಿಸುವುದು ಬೆರಕೆ ಚಿಕಿತ್ಸೆಯಲ್ಲ, ದುಡುಕು. ನಮ್ಮಂಥ ಗೋಧಿ, ಕಂದು ಮೈಬಣ್ಣದವರಿಗೆ ಸ್ವಲ್ಪ ಉರಿ ಹೆಚ್ಚಾದರೂ ಆ ಜಾಗವೇ ಮತ್ತೆ ಕಪ್ಪಾಗುತ್ತದೆ. ಮೊಡವೆ ಒಣಗಿದ ಮೇಲೆ ಉಳಿಯುವ ಕಲೆಯ ಹಾಗೆ. ಆದ್ದರಿಂದ ಪೀಲ್‌ಗೆ ಕೆಲವು ವಾರ ಮೊದಲು ಲೇಪದಿಂದ ಚರ್ಮವನ್ನು ಹದಗೊಳಿಸಿ, ಪೀಲ್‌ನ ದಿನ ಹತ್ತಿರವಾದಾಗ ಟ್ರೆಟಿನಾಯಿನ್ ನಿಲ್ಲಿಸಿ, ಎರಡು ಸರದಿಗಳ ನಡುವೆ ವಾರಗಟ್ಟಲೆ ಬಿಡುವು ಕೊಡುತ್ತಾರೆ. ಬಸುರಿಯರಿಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಕೊಡುವುದಿಲ್ಲ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಸಲ್ಲದು.

ದೊಡ್ಡ ಅಪಾಯ ಇರುವುದು ಔಷಧದಂಗಡಿಯಲ್ಲಿ. ಬೆಳ್ಳಗಾಗುವ ಆಸೆಗೆ ಸ್ಟೀರಾಯ್ಡ್ ಬೆರೆತ ಟ್ಯೂಬನ್ನು ಚೀಟಿಯಿಲ್ಲದೆ ಕೊಂಡು ವರ್ಷಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಮುಖದಲ್ಲಿ ಕೂದಲೂ ಬೆಳೆಯುತ್ತದೆ. ಬಂಗು ಪೂರ್ತಿ ಹೋಗುವುದು ಅಪರೂಪ, ತಿಳಿಯಾಗಲೂ ತಿಂಗಳುಗಳು ಬೇಕು. ಮದುವೆಗೆ ಹದಿನೈದು ದಿನ ಇರುವಾಗ ಪೀಲ್ ಮಾಡಿಸಲು ಓಡುವುದಕ್ಕಿಂತ ಬಂಗನ್ನು ಹಾಗೇ ಬಿಡುವುದು ಲೇಸು.