ಸಿಂಗಪುರದಿಂದ ಜೊಹೊರ್, ಮಲಕ್ಕಾ: ಗಡಿ ದಾಟುವ ಕುಟುಂಬ ಪ್ರವಾಸಕ್ಕೆ ತಯಾರಿ

ಮಗಳೋ ಮಗನೋ ಸಿಂಗಪುರದಲ್ಲಿ ಕೆಲಸಕ್ಕಿದ್ದರೆ ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಅಪ್ಪ ಅಮ್ಮ ತಿಂಗಳ ಮಟ್ಟಿಗೆ ಹೋಗಿ ಬರುವುದು ಈಗ ಮಾಮೂಲು. ಮೊದಲ ಎರಡು ವಾರದಲ್ಲಿ ಊರು ನೋಡಿ ಮುಗಿಯುತ್ತದೆ. ಆಮೇಲೆ ಮನೆಯಲ್ಲಿ ಮಾತು ಏಳುತ್ತದೆ: ಇಷ್ಟು ಹತ್ತಿರ ಮಲೇಷ್ಯಾ ಇದೆಯಲ್ಲ, ಎರಡು ದಿನ ಹೋಗಿ ಬರೋಣವೇ? ಖಂಡಿತ ಹೋಗಬಹುದು. ಸಮುದ್ರದ ಮೇಲಿನ ಒಂದು ಕಿಲೋಮೀಟರ್ ರಸ್ತೆ ದಾಟಿದರೆ ಜೊಹೊರ್ ಬಾರು, ಅಲ್ಲಿಂದ ಬಸ್ಸಿನಲ್ಲಿ ಮೂರು ಗಂಟೆ ಹೋದರೆ ಮಲಕ್ಕಾ. ಆದರೆ ನೋಡುವ ಜಾಗಗಳ ಪಟ್ಟಿ ಹಿಡಿದು ಯೋಜನೆ ಶುರು ಮಾಡಿದವರು ದಾರಿಯಲ್ಲೇ ಸುಸ್ತಾಗುತ್ತಾರೆ. ಇಲ್ಲಿ ಯೋಜನೆ ಗಡಿಯಿಂದ ಶುರುವಾಗಬೇಕು. ಯಾವ ದಿನ, ಯಾವ ಹೊತ್ತಿಗೆ, ಯಾವುದರಲ್ಲಿ ದಾಟುತ್ತೀರಿ ಎಂಬುದು ಗಟ್ಟಿಯಾದರೆ ಮಿಕ್ಕದ್ದು ಸಲೀಸು.

ಮೊದಲು ಕಾಗದಪತ್ರ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮಲೇಷ್ಯಾ 2023ರ ಡಿಸೆಂಬರ್ 1ರಿಂದ ವೀಸಾ ಇಲ್ಲದೆ 30 ದಿನಗಳವರೆಗೆ ಇರಲು ಅವಕಾಶ ಕೊಟ್ಟಿದೆ. ಈ ರಿಯಾಯಿತಿಯನ್ನು 2026ರ ಡಿಸೆಂಬರ್ 31ರವರೆಗೆ ಮುಂದುವರಿಸಲಾಗಿದೆ. ಆದ್ದರಿಂದ ಮಲೇಷ್ಯಾಕ್ಕೆ ಹೋಗುವುದು ಕಷ್ಟವಲ್ಲ. ಎಚ್ಚರ ಬೇಕಿರುವುದು ವಾಪಸು ಬರುವ ಕಡೆ. ಸಿಂಗಪುರದ ವೀಸಾ ಕಾಗದದಲ್ಲಿ ಎಷ್ಟು ಸಲ ಒಳಗೆ ಬರಬಹುದು ಎಂದು ಬರೆದಿರುತ್ತದೆ. ಒಂದೇ ಸಲ ಎಂದಿದ್ದರೆ, ಆ ಒಂದು ಸಲ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದಾಗಲೇ ಮುಗಿದಿದೆ. ಗಡಿಯಾಚೆ ಹೋದ ತಂದೆತಾಯಿಗೆ ಮರಳಿ ಬರಲು ದಾರಿಯಿಲ್ಲ. ಊರಿನಲ್ಲಿ ವೀಸಾಕ್ಕೆ ಅರ್ಜಿ ಹಾಕುವಾಗಲೇ ಮಲೇಷ್ಯಾಕ್ಕೂ ಹೋಗುವ ಉದ್ದೇಶವಿದೆ ಎಂದು ಏಜೆಂಟರಿಗೆ ತಿಳಿಸಿ. ಬಂದ ವೀಸಾದಲ್ಲಿ ಬಹುಪ್ರವೇಶ ಇದೆಯೇ, ಅದರ ಅವಧಿ ಎಲ್ಲಿಯವರೆಗೆ ಎಂಬುದನ್ನು ಪ್ರತಿಯೊಬ್ಬರ ಹೆಸರಿನಲ್ಲೂ ಬೇರೆ ಬೇರೆಯಾಗಿ ನೋಡಿ. ಗಂಡನಿಗೆ ಕೊಟ್ಟದ್ದೇ ಹೆಂಡತಿಗೂ ಕೊಟ್ಟಿರುತ್ತಾರೆ ಎಂದು ಭಾವಿಸಬೇಡಿ.

ಇನ್ನು ಅರೈವಲ್ ಕಾರ್ಡ್. ಮಲೇಷ್ಯಾಕ್ಕೆ ಕಾಲಿಡುವ ಮೊದಲಿನ ಮೂರು ದಿನಗಳೊಳಗೆ ಅಲ್ಲಿನ ಡಿಜಿಟಲ್ ಅರೈವಲ್ ಕಾರ್ಡನ್ನು ಆನ್‌ಲೈನಿನಲ್ಲಿ ತುಂಬಬೇಕು. ಹಿಂತಿರುಗುವಾಗ ಸಿಂಗಪುರದ ಅರೈವಲ್ ಕಾರ್ಡನ್ನು ಹೊಸದಾಗಿ ತುಂಬಬೇಕು. ವಿಮಾನದಲ್ಲಿ ಬಂದಾಗ ತುಂಬಿದ್ದು ಈ ಸಲಕ್ಕೆ ಲೆಕ್ಕಕ್ಕಿಲ್ಲ. ಎರಡೂ ಸರ್ಕಾರಿ ತಾಣಗಳಲ್ಲಿ ಉಚಿತ. ದುಡ್ಡು ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ. ಸಿಂಗಪುರದ ಕಾಯಂ ನಿವಾಸಿಗಳು ಮತ್ತು ದೀರ್ಘಾವಧಿ ಪಾಸ್ ಇರುವವರು ರಸ್ತೆ ಗಡಿಯಲ್ಲಿ ಮರಳುವಾಗ ಸಿಂಗಪುರದ ಕಾರ್ಡ್ ತುಂಬಬೇಕಿಲ್ಲ. ಆದರೆ ಅವರ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್ ಆದರೆ ಮಲೇಷ್ಯಾದ ಕಾರ್ಡ್ ತಪ್ಪುವುದಿಲ್ಲ. ಹೋಟೆಲ್ ಬುಕಿಂಗ್ ಮತ್ತು ವಾಪಸು ಟಿಕೆಟಿನ ಪ್ರತಿ ಅಪ್ಪ ಅಮ್ಮನ ಕೈಯಲ್ಲೂ ಒಂದೊಂದು ಇರಲಿ. ಕೌಂಟರಿಗೆ ಒಬ್ಬೊಬ್ಬರೇ ಹೋಗಬೇಕಾಗಬಹುದು. ಎಲ್ಲಿಗೆ, ಎಷ್ಟು ದಿನ ಎಂದು ಅಧಿಕಾರಿ ಕೇಳಿದರೆ ಮಗ ಪಕ್ಕದ ಸಾಲಿನಲ್ಲಿರುತ್ತಾನೆ. ಊರಿನಿಂದ ಮಾಡಿಸಿಕೊಂಡು ಬಂದ ಪ್ರವಾಸ ವಿಮೆ ಸಿಂಗಪುರಕ್ಕೆ ಮಾತ್ರವೋ ಮಲೇಷ್ಯಾಕ್ಕೂ ಉಂಟೋ ಎಂಬುದನ್ನೂ ಇದೇ ಹೊತ್ತಿಗೆ ನೋಡಿಬಿಡಿ.

ದಿನದ ಆಯ್ಕೆ ಎಲ್ಲಕ್ಕಿಂತ ಮುಖ್ಯ. 1924ರಲ್ಲಿ ಉದ್ಘಾಟನೆಯಾದ ವುಡ್‌ಲ್ಯಾಂಡ್ಸ್ ಕಾಸ್‌ವೇ ಜಗತ್ತಿನ ಅತಿ ಹೆಚ್ಚು ದಟ್ಟಣೆಯ ಭೂಗಡಿಗಳಲ್ಲಿ ಒಂದು. ಬೆಳಗ್ಗೆ ಜೊಹೊರಿನಿಂದ ಸಿಂಗಪುರಕ್ಕೆ ಕೆಲಸಕ್ಕೆ ಬರುವವರು, ಸಂಜೆ ಮನೆಗೆ ಮರಳುವವರು ಲಕ್ಷಗಟ್ಟಲೆ ಇದ್ದಾರೆ. ಇದರ ಜೊತೆಗೆ ವಾರಾಂತ್ಯಕ್ಕೆ ಅಗ್ಗದ ಸಾಮಾನು, ಊಟಕ್ಕೆಂದು ಸಿಂಗಪುರದವರು ಅತ್ತ ಹೋಗುತ್ತಾರೆ. ಜೊಹೊರಿನಲ್ಲಿ ಹನ್ನೊಂದು ವರ್ಷ ಶುಕ್ರವಾರ, ಶನಿವಾರ ರಜೆ ಇತ್ತು. 2025ರ ಜನವರಿ 1ರಿಂದ ಅಲ್ಲೂ ಶನಿವಾರ, ಭಾನುವಾರವೇ ವಾರದ ರಜೆ. ಶುಕ್ರವಾರ ಸಂಜೆ ಮತ್ತು ಶನಿವಾರ ಬೆಳಗ್ಗೆ ಸಿಂಗಪುರದಿಂದ ಹೊರಡುವುದು, ಭಾನುವಾರ ಸಂಜೆ ಮರಳುವುದು, ಇವೆರಡೂ ವಯಸ್ಸಾದವರಿಗೂ ಪುಟ್ಟ ಮಕ್ಕಳಿಗೂ ಶಿಕ್ಷೆ. ಗಂಟೆಗಟ್ಟಲೆ ಬಸ್ಸಿನಲ್ಲಿ ಕೂರಬೇಕು, ಶೌಚಾಲಯವಿಲ್ಲ. ಸಿಂಗಪುರದ ಶಾಲೆಗಳಿಗೆ ರಜೆ ಇರುವ ಜೂನ್, ಡಿಸೆಂಬರ್ ಇನ್ನೂ ಕಷ್ಟ.

ಅದಕ್ಕೇ ಭಾನುವಾರ ಬೆಳಗ್ಗೆ ಹೊರಟು ಮಂಗಳವಾರ ಮಧ್ಯಾಹ್ನ ಗಡಿ ದಾಟಿ ಮರಳಿ. ಮಕ್ಕಳು ಆಫೀಸಿಗೆ ಎರಡು ದಿನ ರಜೆ ಹಾಕಬೇಕಾಗುತ್ತದೆ, ನಿಜ. ಆ ರಜೆಯ ಬೆಲೆ ರಸ್ತೆಯಲ್ಲಿ ಉಳಿಯುವ ಗಂಟೆಗಳಲ್ಲಿ ವಸೂಲಾಗುತ್ತದೆ. ಇನ್ನೊಂದು ಅನುಕೂಲವೂ ಇದೆ: ಮಲಕ್ಕಾದ ಜೋಂಕರ್ ಬೀದಿಯ ರಾತ್ರಿ ಸಂತೆ ನಡೆಯುವುದು ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ. ಭಾನುವಾರ ಸಂಜೆಯೊಳಗೆ ಮಲಕ್ಕಾ ಸೇರಿಕೊಂಡರೆ ಅದೂ ಸಿಗುತ್ತದೆ.

ದಾಟುವುದು ಹೇಗೆ? 170, 950 ನಂಬರಿನ ಸಿಟಿ ಬಸ್ಸುಗಳು ಎಲ್ಲಕ್ಕಿಂತ ಅಗ್ಗ. ಇವು ನಡೆಯುವ ರೀತಿಯನ್ನು ಮೊದಲೇ ಮನೆಯವರಿಗೆಲ್ಲ ವಿವರಿಸಿ. ವುಡ್‌ಲ್ಯಾಂಡ್ಸ್ ಚೆಕ್‌ಪಾಯಿಂಟಿನಲ್ಲಿ ಲಗೇಜಿನ ಸಮೇತ ಇಳಿಯಬೇಕು. ಇಮಿಗ್ರೇಷನ್ ಮುಗಿಸಿ ಕೆಳಗೆ ಬಂದರೆ ನೀವು ಬಂದ ಬಸ್ಸು ಕಾಯುತ್ತಿರುವುದಿಲ್ಲ. ಅದೇ ನಂಬರಿನ ಮುಂದಿನ ಬಸ್ಸು ಹತ್ತಬೇಕು. ಸೇತುವೆಯಾಚೆ ಜೊಹೊರಿನ ಚೆಕ್‌ಪಾಯಿಂಟಿನಲ್ಲಿ ಮತ್ತೆ ಇಳಿದು, ಮತ್ತೆ ಸಾಲು ನಿಂತು, ಕಸ್ಟಮ್ಸ್ ದಾಟಿ ಹೊರಬರಬೇಕು. ಒಬ್ಬರಿಗೊಂದು ಬೆನ್ನಿನ ಚೀಲಕ್ಕಿಂತ ಹೆಚ್ಚು ಲಗೇಜು ಬೇಡ ಎನ್ನುವುದು ಇದಕ್ಕೇ. ಮೆಟ್ಟಿಲು, ಎಸ್ಕಲೇಟರ್, ಉದ್ದನೆಯ ಓಣಿಗಳಲ್ಲಿ ಸೂಟ್‌ಕೇಸು ಎಳೆಯುವುದು ಹಿರಿಯರಿಂದ ಆಗದು.

ರೈಲೂ ಉಂಟು. ವುಡ್‌ಲ್ಯಾಂಡ್ಸಿನಿಂದ ಜೊಹೊರ್ ಬಾರುವಿಗೆ ಓಡುವ ಶಟಲ್ ರೈಲು ಐದೇ ನಿಮಿಷದಲ್ಲಿ ದಾಟಿಸುತ್ತದೆ. ಹೋಗುವಾಗ ಎರಡೂ ದೇಶಗಳ ತಪಾಸಣೆ ವುಡ್‌ಲ್ಯಾಂಡ್ಸಿನ ಒಂದೇ ಕಟ್ಟಡದಲ್ಲಿ ಮುಗಿಯುವುದರಿಂದ ಆಚೆ ಇಳಿದ ಮೇಲೆ ಸಾಲಿಲ್ಲ. ನನ್ನನ್ನು ಕೇಳಿದರೆ ಜೊಹೊರ್ ಬಾರುವಿಗಷ್ಟೇ ಹೋಗಿಬರುವ ಹಿರಿಯರಿಗೆ ಇದಕ್ಕಿಂತ ಹಿತವಾದ ದಾರಿ ಇಲ್ಲ. ಆದರೆ ಸೀಟುಗಳು ಕಡಿಮೆ, ವಾರಾಂತ್ಯದ ಟಿಕೆಟುಗಳು ಬಹಳ ಮುಂಚೆಯೇ ಖಾಲಿಯಾಗುತ್ತವೆ. ಪ್ರವಾಸದ ದಿನ ನಿರ್ಧಾರವಾದ ಕೂಡಲೇ ಪಾಸ್‌ಪೋರ್ಟ್ ವಿವರ ಕೊಟ್ಟು ಕಾಯ್ದಿರಿಸಿ. ಇದೇ ಎರಡು ಊರುಗಳ ನಡುವೆ ಕಟ್ಟುತ್ತಿರುವ ಆರ್‌ಟಿಎಸ್ ಮೆಟ್ರೊ ಮಾರ್ಗಕ್ಕೆ ಗಂಟೆಗೆ ಒಂದು ದಿಕ್ಕಿನಲ್ಲಿ 10,000 ಪ್ರಯಾಣಿಕರನ್ನು ಒಯ್ಯುವ ಸಾಮರ್ಥ್ಯವಿದೆ. ಅದು ಓಡತೊಡಗಿದ ಮೇಲೆ ಈ ಸೀಟಿನ ಪೈಪೋಟಿ ತಗ್ಗುತ್ತದೆ.

ಮಲಕ್ಕಾಕ್ಕೇ ನೇರ ಹೋಗುವವರಿಗೆ ಸಿಂಗಪುರದಿಂದ ಎಕ್ಸ್‌ಪ್ರೆಸ್ ಬಸ್ಸು ಒಳ್ಳೆಯದು. ದೂರ ಸುಮಾರು 240 ಕಿಲೋಮೀಟರ್. ಗಡಿಯಲ್ಲಿ ತಡವಾಗದಿದ್ದರೆ ನಾಲ್ಕು ಗಂಟೆಯ ಪ್ರಯಾಣ. ಹಲವು ಬಸ್ಸುಗಳು ಕಾಸ್‌ವೇ ಬಿಟ್ಟು, 1998ರಲ್ಲಿ ತೆರೆದ ತುವಾಸ್ ಸೇತುವೆಯ ಮೂಲಕ ಹೋಗುತ್ತವೆ. ಅಲ್ಲಿ ದಟ್ಟಣೆ ಸಾಮಾನ್ಯವಾಗಿ ಕಡಿಮೆ. ನಡೆಯಲು ಕಷ್ಟವಿರುವ ಅಜ್ಜ ಅಜ್ಜಿ ಜೊತೆಗಿದ್ದರೆ ಗಡಿ ದಾಟುವ ಪರವಾನಗಿ ಇರುವ ಏಳು ಸೀಟಿನ ವಾಹನ ಬಾಡಿಗೆಗೆ ಹಿಡಿಯಿರಿ. ತಪಾಸಣೆ ಬಹುಮಟ್ಟಿಗೆ ಕುಳಿತಲ್ಲೇ ಆಗುತ್ತದೆ. ಪರವಾನಗಿ ಇಲ್ಲದ ಗಾಡಿಗಳನ್ನು ಸಿಂಗಪುರ ಜಪ್ತಿ ಮಾಡುತ್ತದೆ, ಆದ್ದರಿಂದ ಪರಿಚಯದವರ ಪರಿಚಯದ ಡ್ರೈವರ್ ಎಂದು ನಂಬಿ ಹೊರಡಬೇಡಿ. ಸಿಂಗಪುರದ ಸ್ವಂತ ಕಾರಿನಲ್ಲಿ ಹೋಗುವವರು ಎರಡು ನಿಯಮ ಮರೆಯಬಾರದು: ಹೊರಡುವಾಗ ಟ್ಯಾಂಕಿನಲ್ಲಿ ಮುಕ್ಕಾಲು ಭಾಗ ಇಂಧನ ಇರಬೇಕೆಂಬುದು ಸಿಂಗಪುರದ್ದು, ವಾಹನ ಪ್ರವೇಶ ಪರವಾನಗಿ ಬೇಕೆಂಬುದು ಮಲೇಷ್ಯಾದ್ದು.

ಮಲಕ್ಕಾದಲ್ಲಿ ಎರಡು ರಾತ್ರಿ ಉಳಿಯಿರಿ, ಹಳೆಯ ಪೇಟೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ. ವಿದೇಶಿಯರು ಪ್ರತಿ ಕೋಣೆಗೆ ರಾತ್ರಿಗೆ 10 ರಿಂಗಿಟ್ ಪ್ರವಾಸೋದ್ಯಮ ತೆರಿಗೆ ಕೊಡಬೇಕು. ಬುಕಿಂಗ್ ಮೊತ್ತದಲ್ಲಿ ಇದು ಸೇರಿರದೆ ಹೋಟೆಲಿನಲ್ಲಿ ಕೇಳುವುದುಂಟು. 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಊರು ನಮ್ಮ ಕಡೆಯವರಿಗೆ ವಿಶೇಷವಾಗಿ ಹತ್ತಿರವಾಗಬೇಕು. 1510ರಲ್ಲಿ ಹೊನ್ನಾವರದ ತಿಮ್ಮಯ್ಯನ ನೆರವಿನಿಂದ ಗೋವಾ ಹಿಡಿದ ಪೋರ್ಚುಗೀಸ್ ಅಲ್ಬುಕರ್ಕ್, ಮರುವರ್ಷವೇ ಬಂದು ಮಲಕ್ಕಾ ಗೆದ್ದ. ಅವನು ಕಟ್ಟಿಸಿದ ಕೋಟೆಯಲ್ಲಿ ಉಳಿದಿರುವುದು ಒಂದು ಹೆಬ್ಬಾಗಿಲು ಮಾತ್ರ. ಅದರ ಹಿಂದಿನ ಗುಡ್ಡದ ಮೇಲೆ ಸೂರಿಲ್ಲದ ಸೇಂಟ್ ಪಾಲ್ ಚರ್ಚ್ ಇದೆ. ಈಗ ಗೋವಾದಲ್ಲಿರುವ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇಹವನ್ನು 1553ರಲ್ಲಿ ಅಲ್ಲಿಗೆ ಒಯ್ಯುವ ಮೊದಲು ಹೂತಿಟ್ಟದ್ದು ಇಲ್ಲೇ. ಮೆಟ್ಟಿಲುಗಳಿವೆ, ಬಿಸಿಲು ಏರುವ ಮೊದಲು ಹತ್ತಿ ಇಳಿಯಬೇಕು. ಕೆಳಗಿನ ಕೆಂಪು ಬಣ್ಣದ ಡಚ್ ಚೌಕ, 1753ರ ಕ್ರೈಸ್ಟ್ ಚರ್ಚ್ ಸಮತಟ್ಟಾದ ಜಾಗದಲ್ಲಿವೆ.

ನದಿ ದಾಟಿದರೆ ಸಿಗುವ ಒಂದೇ ಸಾಲಿನಲ್ಲಿ 1781ರ ವಿನಾಯಕನ ಗುಡಿ, ಕಂಪುಂಗ್ ಕ್ಲಿಂಗ್ ಮಸೀದಿ, ಚೆಂಗ್ ಹೂನ್ ಟೆಂಗ್ ಚೀನೀ ದೇವಾಲಯ ಇವೆ. ಗುಡಿಯನ್ನು ಕಟ್ಟಿದವರು ತಮಿಳು ಮೂಲದ ಮಲಕ್ಕಾ ಚೆಟ್ಟಿಗಳು. ಅವರ ಮನೆಮಾತು ಈಗ ಮಲಯ್, ಪೂಜೆ ಮಾತ್ರ ಹಿಂದಿನಂತೆಯೇ. ಆ ಬೀದಿಗೆ ಅರ್ಧ ದಿನವನ್ನೇ ಇಡಿ. ಮಲಕ್ಕಾದ ವಸ್ತುಸಂಗ್ರಹಾಲಯಗಳಲ್ಲಿ ಒಂದೆರಡನ್ನು ಬಿಟ್ಟರೂ ನಷ್ಟವಿಲ್ಲ.

ಸಸ್ಯಾಹಾರಿಗಳಿಗೆ ಬಾಳೆಲೆ ಊಟದ ತಮಿಳು ಹೋಟೆಲುಗಳು ಎರಡೂ ಊರಿನಲ್ಲಿವೆ. ಬೆಳಗ್ಗೆ ರೋಟಿ ಚನಾಯ್ ತೆಗೆದುಕೊಳ್ಳುವಾಗ ಬೇಳೆಯ ಸಾರು ಮಾತ್ರ ಸಾಕು, ಮೀನಿನದು ಬೇಡ ಎಂದು ಹೇಳಿ. ಮಲಯ್ ಅಡುಗೆಯ ಸೊಪ್ಪಿನ ಪಲ್ಯದಲ್ಲೂ ಬೆಲಚಾನ್ ಎಂಬ ಹುದುಗಿಸಿದ ಸಿಗಡಿಯ ಪೇಸ್ಟ್ ಬೀಳುತ್ತದೆ. ಬರೀ ತರಕಾರಿ ಎಂದರೆ ಸಾಲದು, ಅದನ್ನು ಹೆಸರು ಹಿಡಿದು ಕೇಳಬೇಕು. ತೆಂಗಿನ ಹಾಲು, ಬೆಲ್ಲದ ಪಾಕ ಹಾಕಿದ ತಣ್ಣನೆಯ ಚೆಂಡೋಲ್ ಎಲ್ಲರಿಗೂ ಸೇರುತ್ತದೆ.

ಮಂಗಳವಾರ ತಿಂಡಿಯಾದ ಕೂಡಲೇ ಹೊರಡಿ. ಮರಳುವ ಚೀಲದಲ್ಲಿ ಏನಿದೆ ಎಂಬುದನ್ನು ಹೋಟೆಲಿನಲ್ಲೇ ನೋಡಿಕೊಳ್ಳಬೇಕು. ಸಿಂಗಪುರಕ್ಕೆ ಚೂಯಿಂಗ್ ಗಮ್, ಇ-ಸಿಗರೇಟು, ಗುಟ್ಕಾ, ಜರ್ದಾ ತರುವಂತಿಲ್ಲ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಹಿರಿಯರಿಗೆ ಇದನ್ನು ಬಿಡಿಸಿ ಹೇಳಿ. ಪಾಯಸಕ್ಕೆಂದು ಕೊಂಡ ಗಸಗಸೆಯೂ ಅಲ್ಲಿ ಮಾದಕವಸ್ತು ಕಾನೂನಿನ ಕೆಳಗೆ ನಿಷಿದ್ಧ. ಮಲೇಷ್ಯಾದಿಂದ ಬರುವವರಿಗೆ ಮದ್ಯದ ಸುಂಕ ರಿಯಾಯಿತಿ ಇಲ್ಲ.

ಬೆಂಗಳೂರಿನ ವಿಮಾನವನ್ನು ಅದೇ ದಿನಕ್ಕೆ ಇಟ್ಟುಕೊಳ್ಳಬೇಡಿ, ನಡುವೆ ಒಂದು ರಾತ್ರಿಯಾದರೂ ಇರಲಿ. ಸಿಂಗಪುರದಲ್ಲಿ ಈಗ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದಿಲ್ಲ. ಪ್ರತಿ ಪ್ರವೇಶಕ್ಕೂ ಇ-ಪಾಸ್ ಅರೈವಲ್ ಕಾರ್ಡಿನಲ್ಲಿ ಕೊಟ್ಟ ಇಮೇಲಿಗೆ ಬರುತ್ತದೆ. ಎಲ್ಲಿಯವರೆಗೆ ಇರಬಹುದು ಎಂಬ ಹೊಸ ದಿನಾಂಕ ಅದರಲ್ಲಿರುತ್ತದೆ. ಮೊದಲ ಸಲ ಕೊಟ್ಟ ದಿನಾಂಕಕ್ಕಿಂತ ಅದು ಬೇರೆಯಾಗಿರಬಹುದು. ಮನೆಗೆ ಬಂದ ರಾತ್ರಿಯೇ ತೆರೆದು, ಅಪ್ಪ ಅಮ್ಮನ ವಿಮಾನದ ದಿನ ಅದರೊಳಗೇ ಇದೆಯೇ ಎಂದು ಇಬ್ಬರದನ್ನೂ ನೋಡಿ.